ನಮ್ಮ ಕಡೆ ಇರುವ ದಾರಿ

ಟಿಕೋಟಾದಿಂದ ಘೋಣಸಗಿಗೆ ಹೋಗುವ ರಸ್ತೆಯಲ್ಲಿ ನಮ್ಮ ಮನೆತನದ ಒಣದ್ರಾಕ್ಷಿ ಕಂಪನಿ ಇದೆ. ಹೆಚ್ಚಿನ ಪಾಲು ಅವ್ವನದು, ಉಳಿದದ್ದು ಕಾಕಾನದು. ನಾನು ವಿಜಯಪುರದಲ್ಲಿ ವಕೀಲಿ ಮಾಡುತ್ತ ಅದರ ಕೋರ್ಟು-ಕಚೇರಿ ನೋಡಿಕೊಳ್ಳುವವಳು. ಅವ್ವನ ಬಗ್ಗೆ ನನಗೆ ಜಂಬವಿದೆ. ಯಾರು ಏನಾದರೂ ಅಂದುಕೊಳ್ಳಲಿ.

ಈಚೆಗೆ ಒಂದು ಸುಗ್ಗಿಯ ಹೊತ್ತಿಗೆ ಕಾಕಾ ಕಂಪನಿಯ ಜಾಗದ ಸುತ್ತ ಗೋಡೆ ಕಟ್ಟಿಸಲು ಹೊರಟ. ಗೋಡೆ ಎದ್ದರೆ ನಮ್ಮ ಜಾಗದ ಹಿಂದಿರುವ ದ್ರಾಕ್ಷಿ ತೋಟದ ಒಡತಿ, ಚಿಕ್ಕಮ್ಮನೆಂಬಂತೆ ನಾವೆಲ್ಲ ‘ಖಾಲಾ’ ಎನ್ನುವ ಮುಸ್ಲಿಂ ನೆರೆಯವಳಿಗೆ ಗಾಡಿದಾರಿ ಬಂದ್. ಉಳಿಯುವುದು ಹಳ್ಳದ ಗುಂಟ ಕಲ್ಲಿನ ಸುತ್ತುದಾರಿ. ಹಣ್ಣು ಸಾಗಿಸಲಾಗದೆ ಅವಳು ತೋಟವನ್ನೇ ಮಾರಬೇಕು. ಕೊಳ್ಳಲು ಕಾಕಾ ತುದಿಗಾಲಲ್ಲಿ ನಿಂತಿದ್ದ.

“ಕಾಯ್ದೆ ನಮ್ಮ ಕಡೆ ಐತಿ. ಹೌದಲ್ರಿ ವಕೀಲ್ರ?” ಅಂತ ನನ್ನನ್ನು ಕೆಣಕಿದ.

ಹೌದು, ಇತ್ತು. ಅದಕ್ಕೇ ನನಗೆ ಮೈಯೆಲ್ಲ ಉರಿ. ಖಾಲಾಳ ಮನೆಯವರು ಪ್ರತಿ ಸುಗ್ಗಿಗೂ ನಮ್ಮ ಅಂಗಳಕ್ಕೆ ಬಂದು “ಬರ್ಲೇನ್ರಿ?” ಎಂದು ಕೇಳಿಯೇ ಗಾಡಿ ತಂದವರು. ಅಪ್ಪಣೆ ಪಡೆದು ನಡೆದ ದಾರಿಗೆ ಎಷ್ಟು ವರ್ಷ ಕಳೆದರೂ ಹಕ್ಕು ಹುಟ್ಟುವುದಿಲ್ಲ. ಕೇಳದೆ ನುಗ್ಗಿದ್ದರೆ ಹುಟ್ಟುತ್ತಿತ್ತು! ಮರ್ಯಾದಸ್ಥರಾಗಿದ್ದೇ ಅವರ ತಪ್ಪು. ಕಾಲೇಜಿನಲ್ಲಿ ಅಹಿಂಸೆ, ಅಪರಿಗ್ರಹ ಎಂದು ಪುಟಗಟ್ಟಲೆ ಬರೆದು ಅಂಕ ಗಿಟ್ಟಿಸಿದವಳು ನಾನು. ಗೋಡೆ ಯಾರನ್ನೂ ಹೊಡೆಯುವುದಿಲ್ಲ, ಆದರೂ ಒಂದು ಮನೆಯ ಉಸಿರು ಕಟ್ಟಿಸುತ್ತದೆ ಎಂದು ಅಲ್ಲಿ ಯಾರೂ ಹೇಳಿರಲಿಲ್ಲ.

“ಪಾಲು ನಿಂದ ಹೆಚ್ಚೈತಿ. ಬ್ಯಾಡ ಅಂದುಬಿಡು ಬೇ,” ಅಂದೆ ಅವ್ವನಿಗೆ.

“ಅವನ್ನ ಸೋಲಿಸಿ ಏನ್ ಮಾಡ್ಲಿ? ನಾಳೆ ಅಂವಾ ನಮ್ಮ ಮನ್ಯಾಗ ಉಣ್ಣಬ್ಯಾಡೇನು?”

ಮರುದಿನ ಅವ್ವ ನಮ್ಮದೇ ತೋಟದ ಮೊದಲ ಹಣ್ಣನ್ನು ಕ್ರೇಟುಗಳಲ್ಲಿ ತುಂಬಿಸಿ, ಟ್ರ್ಯಾಕ್ಟರಿನಲ್ಲಿ ಕಾಕಾನನ್ನು ಕೂರಿಸಿಕೊಂಡು ಹಳ್ಳದ ದಾರಿ ಹಿಡಿಸಿದಳು. ಹಿಂದೆ ನಾನು. ಟ್ರ್ಯಾಕ್ಟರ್ ಕುಲುಕಿದಂತೆಲ್ಲ ಹಣ್ಣು ಒಡೆದು ರಸ ಸೋರತೊಡಗಿತು. ಕಾಕಾ ಹುಟ್ಟಾ ದ್ರಾಕ್ಷಿ ಬೆಳೆದವನು. ಅರ್ಧ ದಾರಿಗೇ ಮುಖ ಹಿಂಡಿದ.

“ಸಾಕ ಬಿಡ್ರಿ ವೈನಿ. ನೋಡಾಕ ಆಗವಲ್ದು.”

“ಕಾಯ್ದೆ ನಮ್ಮ ಕಡೆ ಐತಿ ಅಂದ್ಯಲ್ಲ, ಖರೆ,” ಅಂದಳು ಅವ್ವ. “ಮಂದಿ ಸಾಮಾನು ನಮ್ಮ ಕಡೆ ಇದ್ರ ಏನ್ ಮಾಡ್ತೀವಿ? ಕಾಯ್ತೀವಿ. ದಾರೀನೂ ಹಂಗ.”

ಖಾಲಾಳಿಗೆ ಶಾಶ್ವತ ದಾರಿಹಕ್ಕು ಕೊಡುವ ಪತ್ರವನ್ನು ನಾನು ಬರೆದು ತಂದಾಗ, ಮೊದಲ ಸಹಿ ಕಾಕಾನದೇ. ಯಾರ ಅಪ್ಪಣೆಯೂ ಬೇಕಿಲ್ಲ ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿದ್ದೆ. ಎಷ್ಟೋ ಕೇಸು ಗೆದ್ದಿದ್ದೇನೆ. ಹೂಡದೆಯೇ ಮುಗಿದ ಈ ಕೇಸಿನಷ್ಟು ಹೆಮ್ಮೆ ಯಾವುದೂ ಕೊಟ್ಟಿಲ್ಲ.

ಖಾಲಾಳ ಹಣ್ಣು ಕೊಯ್ದ ದಿನ ಕಂಪನಿಯ ಲಾರಿ ದಾರಿಗೆ ಅಡ್ಡ ನಿಂತಿತ್ತು. ಅವಳು ಟ್ರ್ಯಾಕ್ಟರ್ ನಿಲ್ಲಿಸಿ, ರೂಢಿಯಂತೆ ಸೆರಗು ಸರಿಮಾಡಿಕೊಂಡು ಕೇಳಿದಳು:

“ಬರ್ಲೇನ್ರಿ?”

ಕಾಕಾ ಕೆರಳಿಬಿಟ್ಟ. “ಕೇಳಬ್ಯಾಡ್ರಿ ಅಂತ ಬರಕೊಟ್ಟೇವಲ್ರಿ ಖಾಲಾ! ದಾರಿ ನಿಮ್ದರಿ. ನಮ್ಮ ಕಡೆ ಐತಿ, ಅಷ್ಟ.” ಆಮೇಲೆ ಡ್ರೈವರನತ್ತ ತಿರುಗಿ ಕೂಗಿದ: “ಲೇ, ಲಾರಿ ಹಿಂದಕ್ಕ ತೊಗೊ!”