ಹೋಟೆಲಿನ ಕಡೆಯ ದಿಬ್ಬಣ

ನನ್ನ ಗಂಡನಿಗೆ ಠಾಣೆಯ ವಾಗ್ಳೆ ಎಸ್ಟೇಟಿನ ಆಫೀಸಿಗೆ ವರ್ಗವಾದಾಗ ನಾವು ಮೈಸೂರಿನ ಮನೆ ಖಾಲಿ ಮಾಡಿ, ಸಾಮಾನನ್ನು ಲಾರಿಗೆ ಹಾಕಿ, ಅತ್ತೆಯನ್ನು ಕರೆದುಕೊಂಡು ರೈಲು ಹತ್ತಿದೆವು. ಘೋಡ್‌ಬಂದರ್ ರಸ್ತೆಯಲ್ಲಿ ನಾವು ಬಾಡಿಗೆಗೆ ಹಿಡಿದಿದ್ದ ಫ್ಲ್ಯಾಟಿನಲ್ಲಿದ್ದವರು ಅಷ್ಟರಲ್ಲಿ ಮನೆ ಬಿಟ್ಟಿರಬೇಕಿತ್ತು. ಬಿಟ್ಟಿರಲಿಲ್ಲ. ಅವರು ಕೊಂಡುಕೊಂಡಿದ್ದ ಹೊಸ ಮನೆ ಹದಿನೆಂಟನೇ ಮಹಡಿಯಲ್ಲಿತ್ತು, ಲಿಫ್ಟ್ ಇನ್ನೂ ಬಂದಿರಲಿಲ್ಲ. ಅವರನ್ನು ಬೈಯುವುದಕ್ಕೂ ಮನಸ್ಸು ಬರಲಿಲ್ಲ. ಸಾಮಾನು ಗೋದಾಮಿಗೆ ಹೋಯಿತು, ನಾವು ಠಾಣೆ ಸ್ಟೇಷನ್ನಿನ ಹತ್ತಿರದ ಒಂದು ಸಣ್ಣ ಹೋಟೆಲಿಗೆ ಹೋದೆವು. ನಾಲ್ಕು ದಿನಕ್ಕೆಂದು ಹೋದವರು ಮಳೆ ಶುರುವಾಗುವವರೆಗೂ ಅಲ್ಲೇ ಉಳಿದೆವು.

ಮೈಸೂರಿನಲ್ಲಾದರೆ ಅದನ್ನು ಲಾಡ್ಜ್ ಎನ್ನುತ್ತಿದ್ದೆವು. ಮಾರ್ಕೆಟ್ಟಿನ ಗಲ್ಲಿಯೊಳಗೆ, ಕೆಳಗೆ ಚಪ್ಪಲಿ ಅಂಗಡಿ, ಪಕ್ಕದಲ್ಲಿ ವಡಾ ಪಾವ್ ಗಾಡಿ, ಮೇಲೆ ಮೂರು ಅಂತಸ್ತಿನ ರೂಮುಗಳು. ಲಿಫ್ಟಿನಲ್ಲಿ ಇಬ್ಬರು ನಿಂತರೆ ಮೂರನೆಯವರು ಮೆಟ್ಟಿಲು ಹತ್ತಬೇಕು. ರೂಮು ಚೊಕ್ಕಟವಾಗಿತ್ತು, ಆದರೆ ಕಪಾಟಿನ ಬಾಗಿಲು ತೆರೆಯಬೇಕಾದರೆ ಒಬ್ಬರು ಮಂಚದ ಮೇಲೆ ಕಾಲು ಮಡಚಿ ಕೂರಬೇಕಿತ್ತು. ಕಿಟಕಿ ತೆರೆದರೆ ಸ್ಟೇಷನ್ನಿನ ಅನೌನ್ಸ್‌ಮೆಂಟು ಸೀದಾ ಒಳಗೆ ಬರುತ್ತಿತ್ತು. ಮರಾಠಿಯ ಒಂದಕ್ಷರವೂ ತಿಳಿಯದ ನಮ್ಮ ಅತ್ತೆ ಎರಡನೇ ವಾರಕ್ಕೆ ಹೂ ಕಟ್ಟುತ್ತ ಕೂತಲ್ಲೇ ಕಲ್ಯಾಣದ ಸ್ಲೋ ಲೋಕಲ್ ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆಂದು ಅದೇ ರಾಗದಲ್ಲಿ ಒಪ್ಪಿಸುತ್ತಿದ್ದರು.

ಅತ್ತೆಗೆ ಆಗ ಎಪ್ಪತ್ತು ದಾಟಿತ್ತು. ಮಂಡಿ ನೋವು ಬಿಟ್ಟರೆ ಗಟ್ಟಿ ಜೀವ. ಹೋಟೆಲ್ ಸೇರಿದ ಮರುದಿನವೇ ಅವರು ಬ್ಯಾಗಿನಿಂದ ಹಿತ್ತಾಳೆಯ ಫಿಲ್ಟರ್ ತೆಗೆದು, ರೂಮಿನ ಕೆಟಲಿನಲ್ಲಿ ನೀರು ಕಾಯಿಸಿ ಡಿಕಾಕ್ಷನ್ ಇಳಿಸಿದರು. ಘಮ ಕಾರಿಡಾರಿನ ಕೊನೆಯವರೆಗೆ ಹೋಯಿತು. ಹೋಟೆಲಿನ ಮ್ಯಾನೇಜರು ಬಂದು ಬಾಗಿಲು ತಟ್ಟಿದರು. ಕುಂದಾಪುರದ ಕಡೆಯವರು, ಐವತ್ತರ ಆಸುಪಾಸು, ಮಾತು ಮೆತ್ತಗೆ.

"ಅಮ್ಮ, ರೂಮಲ್ಲಿ ಅಡುಗೆ ಮಾಡ್ಲಿಕ್ಕಿಲ್ಲ. ಬೋರ್ಡಲ್ಲಿ ಬರೆದದ್ದುಂಟಲ್ಲ" ಎಂದರು.

"ಕಾಫಿ ಅಡುಗೆ ಅಲ್ಲಪ್ಪ" ಎಂದರು ಅತ್ತೆ. "ನೀವು ಕುಡಿದು ನೋಡಿ, ಅಡುಗೆ ಅನ್ನಿಸಿದರೆ ನಿಲ್ಲಿಸ್ತೀನಿ."

ಅವರು ನಿಂತಲ್ಲೇ ಲೋಟ ಖಾಲಿ ಮಾಡಿ, "ಅಡುಗೆ ಅಲ್ಲ ಮಾರಾಯ್ರೆ" ಎಂದು ಹೋದರು. ಅವತ್ತಿನಿಂದ ದಿನಾ ಬೆಳಿಗ್ಗೆ ಬರತೊಡಗಿದರು.

ಎದುರು ರೂಮಿನಲ್ಲಿ ಬೆಳಗಾವಿಯ ಒಬ್ಬ ಯುವಕನಿದ್ದ. ಊರಿನ ಫೌಂಡ್ರಿಯೊಂದರಲ್ಲಿ ಕೆಲಸ. ಅಲ್ಲಿ ಎರಕ ಹೊಯ್ದ ಯಂತ್ರದ ಭಾಗಗಳನ್ನು ವಾಗ್ಳೆ ಎಸ್ಟೇಟಿನ ಕಾರ್ಖಾನೆಗಳಿಗೆ ತೋರಿಸಿ ಆರ್ಡರು ಹಿಡಿಯಲು ಬಂದಿದ್ದ. ಕನ್ನಡ ಮರಾಠಿ ಎರಡೂ ಅವನ ಬಾಯಲ್ಲಿ ಒಂದೇ ಭಾಷೆಯಂತೆ ಹರಿಯುತ್ತಿದ್ದವು. ಅವನೂ ಕಾಫಿಯ ದಾರಿ ಹಿಡಿದು ಬಂದವನೇ. "ಅಜ್ಜಿ, ನಮ್ಮ ಕಡೆ ಚಾ ರೀ. ಆದ್ರ ನಿಮ್ಮ ಕಾಫಿ ವಾಸನಿಗೆ ಎಚ್ಚರ ಆತು" ಎಂದ. ಅತ್ತೆ ಇನ್ನೊಂದು ಲೋಟ ಕೊಳ್ಳಲು ನನ್ನನ್ನು ಮಾರ್ಕೆಟ್ಟಿಗೆ ಕಳಿಸಿದರು.

ಹೀಗಿರುವಾಗ ಜೂನ್ ಮೊದಲ ವಾರದ ಒಂದು ಸಂಜೆ ನಮ್ಮ ಪಕ್ಕದ ರೂಮಿಗೆ ಮದುವೆಯ ಮನೆಯವರು ಬಂದರು. ಗಂಡ, ಹೆಂಡತಿ, ಮದುಮಗನಾದ ಅವರ ಒಬ್ಬನೇ ಮಗ. ವಿಜಯಪುರ ಜಿಲ್ಲೆಯಿಂದ ಗಂಡಹೆಂಡತಿ ಹರೆಯದಲ್ಲೇ ಬಂದು, ಠಾಣೆಯ ಪಕ್ಕದ ಘಣಸೋಲಿಯಲ್ಲಿ ಏಳುತ್ತಿದ್ದ ಕಟ್ಟಡಗಳಿಗೆ ಇಟ್ಟಿಗೆ ಹೊತ್ತು, ಅಲ್ಲೇ ಒಂದೇ ಕೋಣೆಯ ಖೋಲಿಯಲ್ಲಿ ಮಗನನ್ನು ಬೆಳೆಸಿ ಡಿಪ್ಲೊಮಾ ಓದಿಸಿದ್ದರು. ಈಗ ಅವನು ತಾನಿದ್ದ ಕಂಪನಿಯಲ್ಲೇ ಕೆಲಸ ಮಾಡುವ ಠಾಣೆಯ ಮರಾಠಿ ಹುಡುಗಿಯನ್ನು ಮದುವೆಯಾಗುತ್ತಿದ್ದ. ಹಾಲ್ ನಮ್ಮ ಹೋಟೆಲಿನಿಂದ ನಡೆದು ಹೋಗುವಷ್ಟು ಹತ್ತಿರ. ಗಂಡಿನ ಕಡೆಯವರು ಇಳಿದುಕೊಳ್ಳಲೆಂದು ಹುಡುಗಿಯ ತಂದೆಯೇ ಬಂದು ನಮ್ಮ ಎರಡನೇ ಅಂತಸ್ತಿನಲ್ಲಿ ಖಾಲಿಯಿದ್ದ ರೂಮುಗಳನ್ನೆಲ್ಲ ಗೊತ್ತು ಮಾಡಿದ್ದರು. ಬಳಗದವರೆಲ್ಲ ಊರಿಂದ ಬಾಡಿಗೆ ಬಸ್ಸಿನಲ್ಲಿ ಹೊರಟಿದ್ದರು, ಬೆಳಗಾಗುವಷ್ಟರಲ್ಲಿ ಬರುವವರಿದ್ದರು.

ಬೆಳಿಗ್ಗೆ ಅತ್ತೆ ಕಾಫಿ ಸೋಸುತ್ತಿದ್ದಾಗ ಮದುಮಗನ ತಾಯಿ ನಮ್ಮ ಬಾಗಿಲಲ್ಲಿ ಬಂದು ನಿಂತರು. ಇಳಕಲ್ ಸೀರೆ ಉಟ್ಟು ತಯಾರಾಗಿದ್ದರು, ಕೈಯಲ್ಲಿ ಫೋನು, ಮುಖ ಸಪ್ಪಗೆ.

"ಏನಾಯ್ತಮ್ಮ?" ಎಂದರು ಅತ್ತೆ.

"ಏನ್ ಹೇಳೂದ್ರಿ ಅಕ್ಕಾರ. ಬಸ್ಸು ಲೋಣಾವಳಾ ದಾಟಿ ಘಾಟದಾಗ ಕೆಟ್ಟ ನಿಂತೈತಂತ. ಮ್ಯಾಲ ಮಳಿ. ಇನ್ನೊಂದು ಗಾಡಿ ಬರೂತನಕ ಹೊರಡಾಕ ಆಗಂಗಿಲ್ಲ ಅಂತಾರ. ನಮ್ಮ ಅಣ್ಣ, ಕಾಕಾ, ಓಣಿ ಮಂದಿ, ಎಲ್ಲಾರೂ ಅದರಾಗ ಅದಾರ."

ಮುಹೂರ್ತ ಮಧ್ಯಾಹ್ನಕ್ಕೆ ಮೊದಲೇ ಇತ್ತು. ಮದುಮಗನ ತಂದೆ ಕಾರಿಡಾರಿನಲ್ಲಿ ಫೋನ್ ಹಿಡಿದು ಹಿಂದಕ್ಕೂ ಮುಂದಕ್ಕೂ ನಡೆಯುತ್ತಿದ್ದರು. ಘಣಸೋಲಿಯ ನೆರೆಯವರು ಬರುತ್ತಾರಲ್ಲ ಎಂದು ನಾನು ಕೇಳಿದೆ. ಅವರೆಲ್ಲ ಭಾನುವಾರವೂ ದುಡಿಯುವವರು, ಕೆಲಸ ಮುಗಿಸಿ ಸಂಜೆಯ ಆರತಕ್ಷತೆಗೆ ಬರುವವರಂತೆ.

"ಬೀಗರ ಕಡೆ ಹಾಲ್ ತುಂಬ ಮಂದಿ ಇರ್ತಾರ್ರಿ" ಎಂದು ಆಕೆ ಮಂಚದ ತುದಿಯಲ್ಲಿ ಕೂತರು. "ನಾವು ಮೂರು ಮಂದಿ ಹೋಗಿ ನಿಂದ್ರೂದಾ? ಹುಡುಗಗ ಹಿಂದ ಮುಂದ ಯಾರೂ ಇಲ್ಲೇನು ಅಂದ್ರ ಏನ್ ಹೇಳಲಿ? ಸೋದರಮಾವ ಹಿಂದ ನಿಂದ್ರಬೇಕು. ಅವನಽ ಬಸ್ಸಿನ್ಯಾಗ ಕುಂತಾನ." ಸೆರಗು ಕಣ್ಣಿಗೆ ಹೋಯಿತು.

ಅತ್ತೆ ಅವರ ಕೈಗೆ ಕಾಫಿ ಲೋಟ ಕೊಟ್ಟು ಕುಡಿಸಿದರು. ಆಮೇಲೆ ನನ್ನ ಗಂಡನ ಕಡೆ ತಿರುಗಿದರು. ಅವತ್ತು ಭಾನುವಾರ, ಅವರು ಲುಂಗಿಯಲ್ಲಿ ಕೂತು ಪೇಪರ್ ಓದುತ್ತಿದ್ದರು.

"ಲೋ, ನಿನ್ನ ರೇಷ್ಮೆ ಪಂಚೆ ಯಾವ ಪೆಟ್ಟಿಗೇಲಿದೆ?"

"ಯಾಕಮ್ಮ?"

"ನೀನೇ ಇವತ್ತು ಸೋದರಮಾವ ಕಣೋ. ಏಳು, ಸ್ನಾನ ಮಾಡು."

ನನ್ನ ಗಂಡ ಲೆಕ್ಕಪತ್ರದ ಮನುಷ್ಯ. ಯಾರದೋ ಮದುವೆಯಲ್ಲಿ ಯಾರೋ ಆಗಿ ನಿಲ್ಲುವುದು ಸರಿಯೇ, ಹುಡುಗಿಯ ಕಡೆಯವರು ಏನಂದುಕೊಂಡಾರು ಎಂದು ಶುರು ಮಾಡಿದರು. ಅಷ್ಟರಲ್ಲಿ ಮದುಮಗನೇ ಬಾಗಿಲಿಗೆ ಬಂದಿದ್ದ. ಕನ್ನಡ ಅವನಿಗೆ ಅರ್ಥವಾಗುತ್ತಿತ್ತು, ಮಾತು ಮಾತ್ರ ಹಿಂದಿ. "ಅಂಕಲ್, ಪ್ಲೀಸ್ ಆ ಜಾಯಿಯೇ ನಾ. ಆಯಿ ಸುಬಹ್ ಸೇ ರೋ ರಹೀ ಹೈ" ಎಂದ. ಬನ್ನಿ, ಅಮ್ಮ ಬೆಳಗಿನಿಂದ ಅಳುತ್ತಿದ್ದಾಳೆ ಎಂದ ಮೇಲೆ ನನ್ನ ಗಂಡ ಪೇಪರ್ ಮಡಚಿ ಬಚ್ಚಲಿಗೆ ನಡೆದರು.

ಬೆಳಗಾವಿಯ ಹುಡುಗನಿಗೆ ಯಾರೂ ಹೇಳಲೇ ಬೇಕಾಗಲಿಲ್ಲ. "ನಾ ಕಾಕಾನ ಮಗಾ ಆಕ್ಕೀನ್ರಿ" ಎಂದು ತಾನೇ ನೆಂಟಸ್ತಿಕೆ ಆರಿಸಿಕೊಂಡ. ಮೂರನೇ ಅಂತಸ್ತಿನಲ್ಲಿ ಬಂದರಿನ ಯಾವುದೋ ಕೆಲಸಕ್ಕೆ ಬಂದಿದ್ದ ಕೇರಳದ ನಾಲ್ವರಿದ್ದರು, ಅವರನ್ನೂ ಹೋಗಿ ಎಬ್ಬಿಸಿದ. ಅವರು ಬಿಳಿ ಮುಂಡು ಉಟ್ಟು ನಗುತ್ತ ಇಳಿದು ಬಂದರು. ಮ್ಯಾನೇಜರು ಕೌಂಟರನ್ನು ಇನ್ನೊಬ್ಬನಿಗೆ ಒಪ್ಪಿಸಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, "ನಾನು ಎಂತ ಆಗ್ಬೇಕು ಅಮ್ಮ?" ಎಂದು ಅತ್ತೆಯನ್ನು ಕೇಳಿದರು.

"ನೀವು ಹಿರೀಕರು. ಗಂಭೀರವಾಗಿರಿ, ಸಾಕು" ಎಂದರು ಅತ್ತೆ.

ದಿಬ್ಬಣ ಹೋಟೆಲಿನ ಬಾಗಿಲಿನಿಂದಲೇ ಹೊರಟಿತು. ಮಳೆ ತುಂತುರು ಹನಿಯುತ್ತಿತ್ತು. ಮುಂದೆ ಢೋಲು ತಾಶೆಯವರು, ಹಿಂದೆ ಹೂವಿನ ಕಾರಿನಲ್ಲಿ ಮದುಮಗ. ಅತ್ತೆಯ ಮಂಡಿ ನೋಡಿ ಅವನು ಅವರನ್ನು ತನ್ನ ಪಕ್ಕದಲ್ಲೇ ಕೂರಿಸಿಕೊಂಡ. ಅವರು ಕಿಟಕಿಯಿಂದ ಬೀದಿಯ ಎರಡೂ ಕಡೆ ಕೈ ಮುಗಿಯುತ್ತ ಬಂದರು. ಬೆಳಗಾವಿಯ ಹುಡುಗ ತಾಶೆಯವರ ಎದುರು ಹೆಜ್ಜೆ ಹಾಕತೊಡಗಿದ. ಚೆನ್ನಾಗಿ ಕುಣಿಯುತ್ತಿದ್ದ, ನಿಜಕ್ಕೂ. ಕೇರಳದವರು ಮುಂಡು ಎತ್ತಿ ಕಟ್ಟಿ ಸೇರಿಕೊಂಡರು. ಚಪ್ಪಲಿ ಅಂಗಡಿಯವನೂ ಎರಡು ಹೆಜ್ಜೆ ಕುಣಿದು ಹಿಂದಿರುಗಿದ. ಮದುಮಗನ ತಾಯಿ ನನ್ನ ಕೈ ಬಿಗಿಯಾಗಿ ಹಿಡಿದುಕೊಂಡು ನಡೆಯುತ್ತಿದ್ದರು. ಸಿಗ್ನಲ್ಲಿನ ಹತ್ತಿರ ನೋಡುತ್ತೇನೆ, ನಗುತ್ತಿದ್ದಾರೆ.

ಹಾಲಿನ ಬಾಗಿಲಲ್ಲಿ ಹುಡುಗಿಯ ತಂದೆ ಆರತಿ ತಟ್ಟೆಯವರೊಂದಿಗೆ ನಿಂತಿದ್ದರು. ಬರುವವರಿಗೆಲ್ಲ ನಮಸ್ಕಾರ ಮಾಡುತ್ತ ಬಂದು ನಮ್ಮ ಮ್ಯಾನೇಜರ ಎದುರು ಅವರ ಕೈ ಅಲ್ಲೇ ನಿಂತಿತು. ರೂಮು ಗೊತ್ತು ಮಾಡಲು ಬಂದಾಗ ಮಾತಾಡಿದವರು ಇವರೇ ಅಲ್ಲವೇ. "ಅಹೋ, ತುಮ್ಹೀ ಇಥೆ ಕಸೇ?" ನೀವಿಲ್ಲಿ ಹೇಗೆ ಎಂದರು.

ನಾನು ಮದುಮಗನ ತಾಯಿಯ ಹಿಂದೆ ಸರಿದೆ. ಮ್ಯಾನೇಜರು ಮಾತ್ರ ಅತ್ತೆ ಹೇಳಿದ ಗಾಂಭೀರ್ಯವನ್ನು ಬಿಡದೆ, ತಾವು ಗಂಡಿನ ಕಡೆಯವರು ಎಂದು ಮರಾಠಿಯಲ್ಲಿ ಹೇಳಿದರು. ಆಮೇಲೆ ಮದುಮಗನ ತಂದೆಯೇ ಮುಂದೆ ಬಂದು, ಬಸ್ಸಿನ ವಿಷಯ ಇದ್ದದ್ದು ಇದ್ದ ಹಾಗೆ ತಿಳಿಸಿದರು. ಹುಡುಗಿಯ ತಂದೆ ನಮ್ಮೆಲ್ಲರನ್ನೂ ಒಂದು ಸುತ್ತು ನೋಡಿದರು. ಪಂಚೆಯ ನನ್ನ ಗಂಡ, ಮುಂಡಿನ ನಾಲ್ವರು, ಕುಣಿದು ಬೆವರಿದ ಹುಡುಗ, ಕಾರಿನಿಂದ ಮೆಲ್ಲಗೆ ಇಳಿಯುತ್ತಿದ್ದ ಅತ್ತೆ. ನೋಡಿ ಮುಗಿಸಿ ಅವರು ಜೋರಾಗಿ ನಗತೊಡಗಿದರು. ಬೀಗರನ್ನು ತಬ್ಬಿಕೊಂಡು, ಒಳಗೆ ಕೂಗಿ ಫೇಟಾ ತರಿಸಿ, ನಮ್ಮ ಕಡೆಯ ಗಂಡಸರ ತಲೆಗೆಲ್ಲ ಕೇಸರಿ ರುಮಾಲು ತಾವೇ ನಿಂತು ಸುತ್ತಿಸಿದರು.

ಮದುಮಕ್ಕಳ ನಡುವೆ ಅಂತರಪಟ ಹಿಡಿದು ಮಂಗಲಾಷ್ಟಕ ಶುರುವಾದಾಗ ನನ್ನ ಗಂಡ ಮದುಮಗನ ಬೆನ್ನ ಹಿಂದೆ ಸೋದರಮಾವನ ಜಾಗದಲ್ಲಿ ನಿಂತಿದ್ದರು. ನಮಗೆ ಮಕ್ಕಳಿಲ್ಲ. ಒಂದು ಮದುವೆಯಲ್ಲಿ ಅವರು ಅಷ್ಟು ಮುಂದೆ ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಅಕ್ಷತೆ ಬೀಳುವಾಗ ಹುಡುಗನ ಹೆಗಲ ಮೇಲೆ ಕೈಯಿಟ್ಟರು. ಯಾರೂ ಹಾಗೆ ಮಾಡೆಂದು ಹೇಳಿರಲಿಲ್ಲ.

ಊಟದ ಎರಡನೇ ಪಂಕ್ತಿ ಕೂರುವಾಗ ಬಸ್ಸಿನವರು ಬಂದರು, ಎರಡು ಟೆಂಪೊಗಳಲ್ಲಿ ತುಂಬಿಕೊಂಡು, ಅರ್ಧ ನೆನೆದು. ನಿಜವಾದ ಸೋದರಮಾವ ಎತ್ತರದ ಆಳು, ಸೀದಾ ನನ್ನ ಗಂಡನ ಬಳಿ ಬಂದರು. ನನ್ನ ಗಂಡ ಫೇಟಾ ತೆಗೆದು ಅವರಿಗೆ ಕೊಡಲು ಹೋದರು.

"ಇರ್ಲಿ ತಗೀಬ್ಯಾಡ್ರಿ" ಎಂದು ಅವರು ಕೈ ಹಿಡಿದರು. "ಇಬ್ರು ಮಾವಗಳು ಇದ್ರ ಹುಡುಗಗಽ ಲಾಭ." ಇಬ್ಬರೂ ಪಕ್ಕಪಕ್ಕ ಕೂತು ಉಂಡರು.

ಅತ್ತೆಯ ಪಕ್ಕದಲ್ಲಿ ಹುಡುಗಿಯ ಸೋದರತ್ತೆ ಕೂತಿದ್ದರು, ಡೊಂಬಿವಲಿಯವರು. ಬಹಳ ಹೊತ್ತಿನಿಂದ ಆಕೆಯ ಕಣ್ಣು ಬೆಳಗಾವಿಯ ಹುಡುಗನ ಮೇಲಿತ್ತು. ಕೊನೆಗೆ ಹಿಂದಿಯಲ್ಲಿ ನನ್ನನ್ನು ಕೇಳಿದರು: ಆ ಹುಡುಗ ಅಜ್ಜಿಗೆ ಏನಾಗಬೇಕು, ಮದುವೆಯಾಗಿದೆಯೇ? ಅವರಿಗೆ ಬ್ಯಾಂಕಿನಲ್ಲಿ ಕೆಲಸ ಮಾಡುವ ಮಗಳಿದ್ದಳು. ನಾನು ಅತ್ತೆಗೆ ಕನ್ನಡದಲ್ಲಿ ಹೇಳಿದೆ.

"ನಮ್ಮ ಹುಡುಗನೇ ಅಂತ ಹೇಳು. ಆಗಿಲ್ಲ ಅಂತಲೂ ಹೇಳು" ಎಂದರು ಅತ್ತೆ.

"ಅತ್ತೆ, ಅವನ ಊರು ಬಿಟ್ಟರೆ ನಮಗೇನು ಗೊತ್ತು?"

"ದಿನಾ ಬೆಳಿಗ್ಗೆ ಅವರಮ್ಮನಿಗೆ ಫೋನ್ ಮಾಡ್ತಾನೆ. ಕುಡಿದ ಲೋಟ ತೊಳೆದಿಡ್ತಾನೆ. ಇನ್ನೇನು ಗೊತ್ತಾಗ್ಬೇಕು?"

ನಾನು ಅಷ್ಟನ್ನೇ ಹಿಂದಿಗೆ ತಿರುಗಿಸಿ ಹೇಳಿದೆ, ನಮ್ಮದು ಹೋಟೆಲಿನ ಕಾಫಿಯ ನೆಂಟಸ್ತಿಕೆ ಎಂಬುದನ್ನೂ ಸೇರಿಸಿ. ಆಕೆ ನಕ್ಕು, ಆದರೂ ಅವನ ಫೋನ್ ನಂಬರು ತೆಗೆದುಕೊಂಡರು.

ಹದಿನೈದು ದಿನದಲ್ಲಿ ನಮಗೆ ಫ್ಲ್ಯಾಟ್ ಸಿಕ್ಕಿತು. ಅಲ್ಲಿ ಕಪಾಟುಗಳು ಸಲೀಸಾಗಿ ತೆರೆಯುತ್ತಿದ್ದವು, ಲಿಫ್ಟಿನಲ್ಲಿ ಎಂಟು ಜನ ಹಿಡಿಯುತ್ತಿದ್ದರು. ಆದರೆ ಯಾರೂ ಬಾಗಿಲು ತಟ್ಟುವುದಿಲ್ಲವೆಂದು ಅತ್ತೆ ಮುಖ ಊದಿಸಿಕೊಂಡರು. ಬೆಳಗಾವಿಯ ಹುಡುಗನಿಗೆ ಅದೇಕೋ ಠಾಣೆಯ ಕಾರ್ಖಾನೆಗಳ ಕೆಲಸ ಹೆಚ್ಚಾಗುತ್ತ ಬಂತು. ಬಂದಾಗಲೆಲ್ಲ ನಮ್ಮ ಮನೆಗೂ ಬರುತ್ತಿದ್ದ, ಊಟಕ್ಕೆ ನಿಲ್ಲುತ್ತಿರಲಿಲ್ಲ, ಡೊಂಬಿವಲಿಗೆ ಹೋಗಬೇಕೆನ್ನುತ್ತಿದ್ದ.

ಮುಂದಿನ ಬೇಸಿಗೆಯಲ್ಲಿ ಅವನ ಮದುವೆಯಾಯಿತು. ಎರಡೂ ಕಡೆಯವರು ನಮ್ಮ ಮನೆಗೆ ಬಂದು ಕರೆದರು. ಯಾವ ಕಡೆ ನಿಲ್ಲುವುದೆಂದು ನನ್ನ ಗಂಡ ಕೇಳಿದಾಗ ಅತ್ತೆ ಅದನ್ನು ಆಗಲೇ ಯೋಚಿಸಿಟ್ಟಿದ್ದರು.

"ತಾಳಿ ಕಟ್ಟೋ ತನಕ ಗಂಡಿನ ಕಡೆ" ಎಂದರು. "ಊಟಕ್ಕೆ ಹೆಣ್ಣಿನ ಕಡೆ ಕೂರೋಣ. ಅವರ ಪುರಣಪೋಳಿ ಚೆನ್ನಾಗಿರುತ್ತೆ."