ಹೊಳೆದಂಡೆಯ ಗವಿ ಕಾಯ್ದವನು

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಹಡಗಲಿಯಲ್ಲಿ ಮೇಷ್ಟ್ರಾಗಿದ್ದೆ. ರಜೆ ಬಂದರೆ ಹೊಳೆದಂಡೆಯ ಕಾಡಿನೊಳಗಿನ ಗವಿಗೆ ಹೋಗುತ್ತಿದ್ದೆ. ದಾರಿ ತೋರಿಸುತ್ತಿದ್ದವನು ಅಲ್ಲೇ ಆಡು ಮೇಯಿಸುವ ಒಬ್ಬ ಮುದುಕ. ಗವಿಯ ಬಾಯಲ್ಲಿ ಚಪ್ಪಲಿ ಬಿಟ್ಟು, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡೇ ಒಳಗೆ ಕಾಲಿಡುತ್ತಿದ್ದ. ಬಂಡೆಯ ಮೇಲೆ ಯಾವ ಕಾಲದವೋ, ಕೆಂಪು ಬಣ್ಣದ ಗೂಳಿಗಳು, ಕೈ ಕೈ ಹಿಡಿದು ಕುಣಿಯುವ ಜನ. ನಾನು ಬೆರಳು ಚಾಚಿದರೆ ಸಾಕು, "ಮುಟ್ಟಬ್ಯಾಡ್ರಿ ಸರ, ಹಿರೇರು ಮಾಡಿದ್ದು" ಅನ್ನುತ್ತಿದ್ದ. ಮಳೆ ಬಂದರೂ ಆಡುಗಳನ್ನು ಒಳಗೆ ಬಿಡುತ್ತಿರಲಿಲ್ಲ.

ಬಳ್ಳಾರಿಯಿಂದ ದೊಡ್ಡ ಸಾಹೇಬರು ಈ ಚಿತ್ರ ನೋಡಲು ಬರುತ್ತಾರೆ ಎಂದು ಒಮ್ಮೆ ಅವನಿಗೆ ಹೇಳಿದೆ.

"ಬರ್ಲಿ ಬಿಡ್ರಿ, ನಾ ಅದೀನಿ" ಅಂದ.

ಸಾಹೇಬರನ್ನು ಕರೆದುಕೊಂಡು ಹೋದಾಗ ಗವಿ ಬೆಳ್ಳಗೆ ಹೊಳೆಯುತ್ತಿತ್ತು. ಹಬ್ಬಕ್ಕೆ ಗುಡಿಗೆ ಬಳಿಯುವ ಹಾಗೆ ಮುದುಕ ಬಂಡೆಗೆಲ್ಲ ಸುಣ್ಣ ಬಳಿದು, ಕೆಳಗೆ ಕೆಮ್ಮಣ್ಣಿನ ಪಟ್ಟಿ ಎಳೆದಿದ್ದ. ಒಂದು ಗೂಳಿಯೂ ಉಳಿದಿರಲಿಲ್ಲ. ಸಾಹೇಬರು ನನ್ನ ಮುಖ ನೋಡಿದರು. ನಾನು ಮುದುಕನ ಕಡೆ ತಿರುಗಿದೆ.

ಮೊಣಕೈತನಕ ಸುಣ್ಣವಾಗಿದ್ದ ಅವನು ಅವತ್ತು ಮೊದಲ ಸಲ ಕೈ ಮುಂದೆ ಚಾಚಿ ಗೋಡೆ ತೋರಿಸಿದ.

"ಈಗ ಮುಟ್ರಿ ಸರ, ಒಣಗೈತಿ."