ಮುರಿದ ಪಾಟಾಕ್ಕೆ ಲಿಂಬೆಹಣ್ಣು

“ದಪ್ಪ ಇದ್ದವ್ರೆಲ್ಲ ಬಲಕ್ಕ ಸರೀರಿ. ಎಡಕ್ಕ ಪಾಟಾ ಮುರದೈತಿ.”

ಬಸವನ ಬಾಗೇವಾಡಿಯಲ್ಲಿ ಬೆಳಗಿನ ನಡಿಗೆಗೆ ಹೊರಟಿದ್ದ ನಾನು ಈ ಮಾತು ಕೇಳಿ ನಿಂತುಬಿಟ್ಟೆ. ಹೇಳಿದವನು ಟ್ರ್ಯಾಕ್ಟರ್ ಚಾಲಕ. ಹಿಂದಿನ ಟ್ರೇಲರಿಗೆ ತಾಡಪತ್ರಿ ಹೊದಿಸಿ, ಗಾದಿ ಹಾಸಿ, ಒಲೆ ಸಿಲಿಂಡರ್ ಸಮೇತ ಇಂಡಿ ಕಡೆಯ ಕುಟುಂಬವೊಂದು ಕೂಡಲಸಂಗಮಕ್ಕೆ ಹೊರಟಿತ್ತು.

ಬಗ್ಗಿ ನೋಡಿದೆ. ಗಾಲಿಯ ಮೇಲೆ ಭಾರ ಹೊರುವ ಉಕ್ಕಿನ ಸ್ಪ್ರಿಂಗ್ ಪಟ್ಟಿ, ಅಂದರೆ ಪಾಟಾ, ತುಂಡಾಗಿತ್ತು. ಆ ಜಾಗದಲ್ಲಿ ಜಾಲಿಕಟ್ಟಿಗೆ ತುರುಕಿ ಹಗ್ಗ ಬಿಗಿದಿದ್ದರು. ಹಗ್ಗಕ್ಕೆ ಲಿಂಬೆಹಣ್ಣು ಬೇರೆ ಕಟ್ಟಿದ್ದರು. ಅಚ್ಚು ಓರೆಯಾಗಿತ್ತು. ಮೇಲೆ ಹೆಂಗಸರು, ಮಕ್ಕಳು ಕುಳಿತಿದ್ದರು.

“ಎಲ್ಲಾರನೂ ಇಳಸು. ಮೊದಲ ಗ್ಯಾರೇಜಿಗೆ ಒಯ್ಯಿ,” ಎಂದೆ.

“ಕಾಯಿ ಒಡದ ಹೊಂಟ ಗಾಡಿ ಅರ್ಧಾ ದಾರ್ಯಾಗ ಖಾಲಿ ಮಾಡಬಾರದ್ರಿ ಅಜ್ಜಾರ. ಅಪಶಕುನ ನುಡೀಬ್ಯಾಡ್ರಿ.”

“ಗಾಡಿ ಉರುಳಿದ ಮ್ಯಾಲ ಶಕುನ ಯಾರನ್ನ ಕೇಳ್ತಿ?”

ಸಿಟ್ಟು ತಡೆಯದೆ ಟ್ರ್ಯಾಕ್ಟರಿಗೆ ಅಡ್ಡ ನಿಂತೆ. ಕೊನೆಗೆ ಆ ಮನೆಯ ಹಿರಿಯಮ್ಮ ಕೋಲೂರಿ ಕೆಳಗಿಳಿದರು. “ನಮ್ಮ ಮಾವನವರು ಬಂಡಿ ಕೀಲ ನೋಡದ ಊರ ದಾಟತಿದ್ದಿಲ್ಲ. ಇಳೀರಿ ಎಲ್ಲಾರೂ,” ಎಂದು ಗದರಿದರು. ಒಬ್ಬೊಬ್ಬರಾಗಿ ಎಲ್ಲರೂ ಇಳಿದರು.

ನಾವೆಲ್ಲ ಹಿಂದೆ ನಡೆದು ಹೋಗುತ್ತಿದ್ದಂತೆ, ಖಾಲಿ ಟ್ರೇಲರ್ ಗ್ಯಾರೇಜಿನ ತಿರುವಿನಲ್ಲಿ ಹೊರಳುವಾಗ ಹಗ್ಗ ಹರಿದು, ಅಚ್ಚು ಮುರಿದು, ಎಡಮಗ್ಗುಲಿಗೆ ಮಗುಚಿ ಬಿತ್ತು. ಚಾಲಕ ನನ್ನನ್ನೇ ದಿಟ್ಟಿಸಿ, “ನೀವು ನುಡದದ್ದಕ್ಕ ಹಿಂಗಾತು ನೋಡ್ರಿ,” ಎಂದ.

ಜನ ತುಂಬಿದ ಟ್ರೇಲರ್ ಕಂಡರೆ ನಾನೀಗ ಮೊದಲು ಗಾಲಿಯ ಬುಡ ನೋಡುತ್ತೇನೆ. ಬಾಯಿ ಕೆಟ್ಟ ಮುದುಕ ಎಂದರೂ ಸರಿ, ಅಡ್ಡ ನಿಲ್ಲುವುದನ್ನು ಬಿಡುವುದಿಲ್ಲ.